ಅರ್ಧ ಮರದ ಲೆಕ್ಕ

ವಾರಕ್ಕೆ ಎರಡು ಸಲ ನಾನು ಆ ದಾರಿಯಲ್ಲಿ
ಅಂಚೆ ವ್ಯಾನು ಓಡಿಸುತ್ತೇನೆ.
ಐಸ್‌ಲ್ಯಾಂಡಿನ ಬಡಗಣ ಮೂಲೆಯ ಆ ತೀರದಲ್ಲಿ
ಮರ ಬೆಳೆಯುವುದಿಲ್ಲ, ಬಂದು ಸೇರುತ್ತದೆ.
ಸೈಬೀರಿಯಾದ ಯಾವುದೋ ಹೊಳೆಯ ಕೈ ಜಾರಿದ ದಿಮ್ಮಿ
ಹಿಮದ ಹಾಸಿನಲ್ಲಿ ಸಿಕ್ಕಿ ನಾಲ್ಕೈದು ವರ್ಷ ತೇಲಿ
ತೊಗಟೆ ಕಳಚಿ, ಊರು ಮರೆತು,
ಉಪ್ಪು ಕುಡಿದು ಬೆಳ್ಳಗಾಗಿ
ಇಲ್ಲಿನ ಕರಿಗಲ್ಲಿನ ಮೇಲೆ ಮಗ್ಗುಲಾಗುತ್ತದೆ.

ಆರ್ನ್‌ಫ್ರೀದುರ್ ಅದರ ಪಕ್ಕ ಹೋಗಿ ಕೂರುತ್ತಾಳೆ.
ಎಪ್ಪತ್ತಮೂರು ವರ್ಷ; ಕಾರ್ಖಾನೆಯಲ್ಲಿ
ಕಾಡ್ ಮೀನು ಸೀಳಿ ಸೀಳಿ ಸೊಟ್ಟಗಾದ ಹೆಬ್ಬೆರಳು.
ಉಳಿ ಮುಟ್ಟುವ ಮೊದಲು ಒಂದು ಚಳಿಗಾಲ ಬರೀ ನೋಡುತ್ತಾಳೆ.
‘ಕೆತ್ತೋದನ್ನ ಹುಳ ಮುಗಿಸಿದೆ, ಮಿಕ್ಕಿದ್ದನ್ನ ಅಲೆ ಮುಗಿಸಿದೆ.
ನನ್ನ ಪಾಲಿಗಿರೋದು ನಿಲ್ಲಿಸೋ ಕೆಲಸ.’

ನಿಲ್ಲಿಸುವುದೇನು ಸುಲಭವೇ!
ತಿಮಿಂಗಿಲದ ಬೆನ್ನುಮಣಿ ಬುಡಕ್ಕಿಟ್ಟು
ಕುದುರೆಬಾಲದ ಹುರಿ ಬಿಗಿದು
ಬಿಟ್ಟರೆ, ಬೀಳುತ್ತದೆ.
ಬೈಯುತ್ತಾಳೆ. ಮತ್ತೆ ಎತ್ತುತ್ತಾಳೆ.
ಹುರಿಯ ಇನ್ನೊಂದು ತುದಿ ಎಷ್ಟೋ ಸಲ ನನ್ನ ಕೈಯಲ್ಲಿ.
ಊರಿನ ಪಿಂಚಣಿ ಕಾಗದಗಳು ವ್ಯಾನಿನಲ್ಲೇ ತೂಕಡಿಸುತ್ತಿದ್ದವು.

ಹಾಗೆ ನಿಂತವಳು ಆ ದೊಡ್ಡ ಹೆಂಗಸು:
ಒಂದೇ ದಿಮ್ಮಿಯ ಮೈ, ಪಕ್ಕಕ್ಕೆ ಚಾಚಿದ ಒಂಟಿ ಕೊಂಬೆಯ ತೋಳು,
ಎದೆಯ ಪೊಟರೆಯಲ್ಲಿ ಸೀಲಿನ ಪಕ್ಕೆಲುಬು.
ಮುಖವಿಲ್ಲ. ಗಾಳಿ ಹೊಕ್ಕರೆ ಮಾತ್ರ
ಹುಳ ಕೊರೆದ ತೂತುಗಳಲ್ಲಿ ಏನೋ ಗೊಣಗುತ್ತಾಳೆ.

ಆಗ ಬಂದ ಬ್ಯೋದ್ವಾರ್, ಪಕ್ಕದ ಕುರಿ ಹಟ್ಟಿಯವನು.
‘ಈ ಮರ ಬಿದ್ದದ್ದು ನನ್ನ ದಡದಲ್ಲಿ.’
ಇಲ್ಲಿ ಯಾರ ದಡವೋ ಅವರದೇ ಮರ, ಅಜ್ಜನ ಕಾಲದಿಂದ.
ಬುಡ ತಿರುವಿ ನೋಡಿದರೆ ಹೌದು,
ಅವನ ಮನೆತನದ ಕೊಡಲಿ ಗುರುತು, ಮೂರು ಗೀರು.
ಗಡಿಯ ಕಲ್ಲು ಎಲ್ಲಿತ್ತು ಅನ್ನುವುದಕ್ಕೆ ಮಾತ್ರ
ಇಬ್ಬರ ಬಳಿ ಎರಡು ನೆನಪು.

ಹನ್ನೊಂದು ವರ್ಷ ಮಾತಿಲ್ಲ.
ಒಬ್ಬರ ಕಾಗದ ಕೊಡುವಾಗ ಇನ್ನೊಬ್ಬರ ಸುದ್ದಿ ಎತ್ತದೆ
ನಾಲಿಗೆ ಕಚ್ಚಿಕೊಂಡು ಓಡಾಡಿದವನು ನಾನು.

ಕಳೆದ ಶರತ್ಕಾಲದ ಗಾಳಿಗೆ ಅವನ ಗೇಟು ಹಾರಿಹೋಯಿತು.
ಮಾರನೇ ಬೆಳಿಗ್ಗೆ ಗರಗಸ ಹಿಡಿದು ಅವಳ ಅಂಗಳದಲ್ಲಿ ನಿಂತ.
‘ನನ್ನ ಪಾಲು ಕೊಡು.’
ಅವಳು ಒಲೆಯ ಮೇಲಿನ ಕಾಫಿ ಇಳಿಸಿದಳು,
ಅಳತೆ ಪಟ್ಟಿ ಹುಡುಕಿದಳು,
‘ಭುಜದಿಂದ ಕೊಯ್ಯಿ, ಮೊಣಕೈಗೆ ಕೊಯ್ದರೆ ಸೀಳುತ್ತೆ’ ಅಂದಳು.
ಇಬ್ಬರೂ ಒಂದೊಂದು ತುದಿ ಹಿಡಿದು ಎಳೆದರು.
ಬಿದ್ದ ಹೊಟ್ಟು ಜೇನಿನ ಬಣ್ಣ.
ಅಷ್ಟು ಉಪ್ಪಿನೊಳಗೂ ರಾಳದ ವಾಸನೆ
ಇನ್ನೂ ಬದುಕಿತ್ತು ನೋಡಿ; ಯಾರೂ ಮಾತಾಡಲಿಲ್ಲ.

ಈಗ ಆ ತೋಳು ಗೇಟಿನ ಕಂಬ.
ಕುರಿಗಳು ಬೆನ್ನು ಉಜ್ಜಿ ಉಜ್ಜಿ
ಮಣಿಕಟ್ಟಿನ ಬಳಿ ಹೊಳಪು ಬಂದಿದೆ,
ಬಿರುಕಿನಲ್ಲಿ ಉಣ್ಣೆ, ಬಿಳಿ, ಕಂದು, ಒಂದಿಷ್ಟು ಕಪ್ಪು.
ಭಾನುವಾರ ಅವಳು ಹೋಗಿ ನೋಡಿ ಬರುತ್ತಾಳೆ,
ಉಣ್ಣೆ ಕೀಳಬೇಡ ಎಂದು ಬ್ಯೋದ್ವಾರನಿಗೆ ತಾಕೀತು.
ಅವನು ‘ಹ್ಞೂಂ’ ಅನ್ನುತ್ತಾನೆ. ಅಷ್ಟೂ ಹೆಚ್ಚೇ.

ರಾಜಧಾನಿಯ ಸಂಗ್ರಹಾಲಯದಿಂದ ಕಾಗದ ಬಂದಿತ್ತು,
ಹೆಂಗಸನ್ನು ಕೊಳ್ಳುತ್ತೇವೆ, ಮುರಿದ ತೋಳು ಎಲ್ಲಿ?
ಅವಳ ಕೈ ನಡುಗುತ್ತದೆ, ಉತ್ತರ ಬರೆದವನು ನಾನು:
‘ತೋಳು ಮುರಿದಿಲ್ಲ. ಕೆಲಸಕ್ಕೆ ಹೋಗಿದೆ.
ಇಬ್ಬರನ್ನೂ ನೋಡಬೇಕಿದ್ದರೆ ಇಲ್ಲಿಗೆ ಬನ್ನಿ,
ಬಂದವರು ಗೇಟು ಹಾಕಿಕೊಂಡು ಹೋಗಿ.’

ನಿನ್ನೆ ರಸ್ತೆಯ ತಿರುವಿನಲ್ಲಿ
ಅಂಗೈಯಷ್ಟು ಒಂದು ಚೂರು ಸಿಕ್ಕಿತು.
ಯಾರ ಗುರುತೂ ಇಲ್ಲ ಅದರ ಮೇಲೆ.
ವ್ಯಾನಿನ ಕಿಟಕಿ ಬಳಿ ಇಟ್ಟಿದ್ದೇನೆ.
ಬ್ರೇಕು ಹಾಕಿದಾಗಲೆಲ್ಲ ಬೀಳುತ್ತದೆ,
ಎತ್ತಿ ನಿಲ್ಲಿಸುತ್ತೇನೆ.